ಲಕ್ಷಕ್ಕೊಬ್ಬರು

ಮಾತ್ರೆ ಡಬ್ಬಿಯಲ್ಲಿದ್ದ ಇಂಗ್ಲಿಷ್ ಕಾಗದ ಬಿಡಿಸಿ, ದರ್ಜಿಯ ಹೆಂಡತಿ ಒಂದು ಪದದ ಕೆಳಗೆ ಬೆರಳಿಟ್ಟಳು. ‘ಕಣ್ಣು ಹೋಗಬಹುದು’ ಎಂಬ ಸಾಲಿನ ಮುಂದೆ ‘ರೇರ್’ ಎಂದಿತ್ತು.

“ರೇರ್ ಅಂದ್ರೆ ಎಷ್ಟಣ್ಣಾ?”

“ಹತ್ತು ಸಾವಿರಕ್ಕೆ ಒಬ್ರಿಗೆ ಆದ್ರೆ ಆಯ್ತು. ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಅಂತೀವಲ್ಲ, ಹಾಗೆ,” ಎಂದು ಮೆಡಿಕಲ್ ಶಾಪಿನವನು ನಕ್ಕ. “ಯಜಮಾನ್ರಿಗೆ ಧೈರ್ಯವಾಗಿ ಕೊಡಿ ಅಕ್ಕಾ.”

ಸಮಾಧಾನವಾಗಬೇಕಿತ್ತು, ಆದರೆ ಅವಳ ತಲೆಯೊಳಗೆ ನೂಲು ಇನ್ನಷ್ಟು ಗೋಜಲಾಯಿತು. ಅವಳು ಚೀಲದಿಂದ ಗಂಡನ ಆಸ್ಪತ್ರೆ ಫೈಲು ತೆಗೆದು ಕಾಗದದ ಪಕ್ಕಕ್ಕಿಟ್ಟಳು. ಅಲ್ಲಿ ಕಾಯಿಲೆಯ ಹೆಸರಿನ ಪಕ್ಕದಲ್ಲೂ ಅದೇ ‘ರೇರ್’.

“ಈ ಕಾಯಿಲೆ ಬರೋದು ಲಕ್ಷಕ್ಕೊಬ್ರಿಗೆ ಅಂದಿದ್ರು ಡಾಕ್ಟ್ರು. ಲಕ್ಷದಲ್ಲಿ ಇವ್ರನ್ನೇ ಹುಡುಕ್ಕೊಂಡು ಬಂದಿದ್ದು, ಹತ್ತು ಸಾವಿರದಲ್ಲಿ ಬಿಟ್ಟೀತಾ ಅಣ್ಣಾ?”

ಅವನು ಡಬ್ಬಿಯನ್ನು ಕೊಡಲೂ ಆಗದೆ, ವಾಪಸ್ ಇಡಲೂ ಆಗದೆ, ಕೈಯಲ್ಲೇ ಹಿಡಿದು ನಿಂತ.