ಭಾನುವಾರದ ಹಸಿವು

ಭಾನುವಾರ ಸುಚೇತಾ ಲ್ಯಾಬಿಗೆ ಹೊರಟಳೆಂದರೆ ಅತ್ತೆಯದು ಅದೇ ತಕರಾರು.

“ಒಂದಿನ ಉಪವಾಸ ಇದ್ರೆ ನಿನ್ನ ಬ್ಯಾಕ್ಟೀರಿಯಾಗಳಿಗೆ ಏನಾಗತ್ತೆ?”

“ಸತ್ತೇ ಹೋಗ್ತವೆ ಅತ್ತೆ! ಟ್ಯಾಂಕಲ್ಲಿ ಆಕ್ಸಿಜನ್ ಏರಿತು ಅಂದ್ರೆ ಸಕ್ಕರೆ ಮುಗೀತು, ಅವು ಉಸಿರಾಡೋದು ಕಮ್ಮಿ ಮಾಡಿವೆ ಅಂತ. ತಕ್ಷಣ ಹಾಕಬೇಕು.”

ಆಕ್ಸಿಜನ್ ಮಾತೇನೋ ನಿಜ. ಆದರೆ ಅಳೆದು ಸಕ್ಕರೆ ಹಾಕುವ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತಿತ್ತು. ಸುಚೇತಾ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕಾದಂಬರಿ ಓದುತ್ತಿದ್ದಳು. ವಾರಕ್ಕೊಮ್ಮೆ ಸಿಗುವ ಆ ಏಕಾಂತ ತಪ್ಪಿದರೆ ಅವಳಿಗೇ ಉಸಿರು ಕಟ್ಟಿದಂತಾಗುತ್ತಿತ್ತು.

ಈ ಸಲ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ನಿನ್ನೆ ನಿನ್ನ ಲ್ಯಾಬಿನ ಗೆಳತಿ ಫೋನ್ ಮಾಡಿದ್ಲು. ಸಕ್ಕರೆ ಹಾಕೋಕೆ ಮೆಷಿನ್ ಇದೆಯಂತಲ್ಲೇ!”

ಸುಚೇತಾಳ ಮುಖ ಸಪ್ಪಗಾಯಿತು.

ಒಳಗಿನಿಂದ ಮಾವ ಮತ್ತೊಂದು ಲೋಟ ಕಾಫಿಗೆ ಕೂಗಿದರು. ಅತ್ತೆ ದನಿ ತಗ್ಗಿಸಿದರು.

“ಅಲ್ಲಿ ಇನ್ನೊಂದು ಕುರ್ಚಿ ಇದ್ಯಾ?”