ಪೊರೆಯಾಚೆಯ ಹೊಳೆ

ನಮ್ಮ ಊರಿನ ಸುತ್ತಲಿನ ಪೊರೆಯನ್ನು ಜಿಡ್ಡು ಸವರಿದ ವಸ್ತು ಮಾತ್ರ ದಾಟುತ್ತದೆ; ನೀರು ತಾಗಿದ್ದನ್ನು ಅದು ಹಿಂದಕ್ಕೆ ತಳ್ಳುತ್ತದೆ. ಹೊತ್ತು ಮುಳುಗಿದರೆ ಬಿಗಿದುಕೊಂಡು ಬೆಳಗಿನವರೆಗೆ ಏನನ್ನೂ ಬಿಡುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಆದರೂ ನನ್ನ ಹೆಂಡತಿ ನಾಗಲಕ್ಷ್ಮಿಯ ಅಸ್ಥಿಯನ್ನು ನಾನು ಪದ್ಧತಿಯಂತೆ ಹಾಲಿನಲ್ಲಿ ತೊಳೆದು ತಂದಿದ್ದೆ.

ಅಂದು ಹತ್ತನೆಯ ದಿನ. ಪೊರೆಗೆ ತಾಗಿಕೊಂಡೇ ಆಚೆ ಕಾವೇರಿ ಹರಿಯುತ್ತಿದ್ದಳು. ಎರಡು ಸಲ ಒತ್ತಿದೆ. ಎರಡು ಸಲವೂ ಮೂಳೆಯ ಚೂರುಗಳು ನನ್ನ ಅಂಗೈಗೇ ಬಂದು ಬಿದ್ದವು.

"ಹಾಲಲ್ಲಿ ತೊಳೆದ್ರಾ ತಾತ? ಹಾಲಲ್ಲೂ ನೀರೇ ತಾನೆ ಇರೋದು? ಇಷ್ಟು ವಯಸ್ಸಾಗಿ ಪೊರೆ ಸಂಗತಿ ಗೊತ್ತಿಲ್ವಾ?" ಕಾವಲಿನ ಪುಟ್ಟತಾಯಿ ರೇಗಿದಳು. "ಹೊತ್ತು ಮುಳುಗೋಕೆ ಇನ್ನು ಐದೇ ನಿಮಿಷ ಇರೋದು."

"ತೊಳೆಯದೆ ಹೇಗಮ್ಮ ಕಳಿಸಲಿ ಅವಳನ್ನ?"

ಅವಳು ಗೊಣಗುತ್ತಲೇ ಒಂದೊಂದು ಚೂರನ್ನೂ ತನ್ನ ಸೆರಗಿನಲ್ಲಿ ಒರೆಸಿದಳು. ಬುತ್ತಿಯಿಂದ ತುಪ್ಪದ ಡಬ್ಬಿ ತೆಗೆದಳು. "ಸವರಿ, ಬೇಗ."

ರಾಮನಾಮ ಹೇಳುತ್ತ ಸವರಿದೆ. ಈ ಸಲ ಪೊರೆ ಮೆತ್ತಗೆ ಒಳಗೆಳೆದುಕೊಂಡಿತು. ಅಸ್ಥಿಯ ಜತೆಗೆ ತುಪ್ಪ ಮೆತ್ತಿದ ನನ್ನ ಕೈಯೂ ಮಣಿಕಟ್ಟಿನವರೆಗೆ ಆಚೆ ಹೋಯಿತು. ಹೊಳೆಯ ತಂಪು ತಾಗಿತು.

ಅಷ್ಟರಲ್ಲಿ ಪೊರೆ ಮಣಿಕಟ್ಟಿನ ಸುತ್ತ ಬಿಗಿಯತೊಡಗಿತು.

"ಕೈ ಎಳ್ಕೊಳ್ಳಿ ತಾತ! ತುಂಡಾಗುತ್ತೆ!"

ಎಳೆದೆ. ಬರಲಿಲ್ಲ. ಮುಷ್ಟಿ ಇನ್ನೂ ಕಟ್ಟಿಯೇ ಇತ್ತು.

"ಬಿಡಿ ತಾತ. ಅಜ್ಜಿನ ಬಿಟ್ಬಿಡಿ."

ನಲವತ್ತೊಂಬತ್ತು ವರ್ಷ ಅವಳನ್ನು ಹಿಡಿದಿದ್ದ ಕೈ ಅದು. ಒಂದೊಂದೇ ಬೆರಳು ಬಿಚ್ಚಿದೆ. ಬರಿಗೈ ಈಚೆಗೆ ಬಂತು.