ಕೆಂಪು ಕಂಬಳಿ

ಹಳೆಯ ಕಾವಲುಗೋಪುರದ ತುದಿಯಲ್ಲಿ ದುರ್ಬೀನಿಗೆ ಕಣ್ಣಿಟ್ಟ ತಂಗಿಗೆ ಮೊದಲು ಸಿಕ್ಕಿದ್ದೇ ತಮ್ಮದೇ ಮನೆಯ ಮಹಡಿ. ಹಗ್ಗದ ಮೇಲೆ ಕೆಂಪು ಕಂಬಳಿ ತೂಗುತ್ತಿತ್ತು.

"ಫೋನ್ ಇಲ್ಲೇ ಇಟ್ಟು ಹೋಗು, ಇಲ್ದಿದ್ರೆ ಗಳಿಗೆಗೊಂದ್ಸಲ ಮಾಡ್ತೀಯ," ಎಂದು ಬೆಳಗ್ಗೆ ಅಕ್ಕ ಗದರಿದ್ದಳು. "ಅಮ್ಮಂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಹಡಿ ಮೇಲೆ ಕೆಂಪು ಕಂಬಳಿ ಹಾಕ್ತೀನಿ. ಕಂಡ ತಕ್ಷಣ ಇಳಿದು ಬಾ."

ಅಮ್ಮ ಹಾಸಿಗೆ ಹಿಡಿದು ಒಂಬತ್ತು ವರ್ಷ. ಅಕ್ಕ ಬಂದದ್ದು ನಿನ್ನೆ. ಅಷ್ಟೂ ವರ್ಷ ಔಷಧದಂಗಡಿಯಿಂದಾಚೆ ಕಾಲಿಡದ ತಂಗಿಗೆ ಈ ಊರಿಗೊಂದು ಸಮುದ್ರವಿದೆ ಎಂಬುದೇ ಮರೆತಂತಾಗಿತ್ತು. ಈಗ ಕಾಲು ಮೆಟ್ಟಿಲ ಕಡೆ ತಿರುಗಿದರೂ ಕೈ ದುರ್ಬೀನನ್ನು ಬಿಡಲಿಲ್ಲ.

"ಏನಮ್ಮಾ, ಏನಾದ್ರೂ ಕಾಣ್ತಾ?" ಹಿಂದೆ ಸಾಲಿನಲ್ಲಿದ್ದ ಮುದುಕ ಕೇಳಿದ.

"ಇಲ್ಲ ತಾತ, ಇನ್ನೂ ಏನೂ ಕಂಡಿಲ್ಲ," ಎಂದು ಅವಳು ದುರ್ಬೀನನ್ನು ಮೆಲ್ಲನೆ ಸಮುದ್ರದ ಕಡೆಗೆ ತಿರುಗಿಸಿದಳು.